ಸನ್ಮಾನದ ಖಡ್ಗ ಮತ್ತು ತುಮಕೂರು ಸೀಮೆಯ ಉಕ್ಕು

ಯುದ್ಧದಲ್ಲಿ ಗೆದ್ದ ದಳಪತಿಗೆ ಸೇನೆಯೋ ನಗರವೋ ಗೌರವದಿಂದ ಅರ್ಪಿಸುವ ಕತ್ತಿಯನ್ನು ಸನ್ಮಾನದ ಖಡ್ಗವೆನ್ನಬಹುದು. ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲಕ್ಕೆ ಸೇರಿದ ಇಂಥ ಖಡ್ಗಗಳಲ್ಲಿ 1825ರಲ್ಲಿ ಲಿಮಾ ನಗರವು ಸಿಮೋನ್ ಬೊಲಿವಾರನಿಗೆ ಕೊಟ್ಟ, ಚಿನ್ನ ಮತ್ತು ವಜ್ರಗಳ ಖಡ್ಗ ಹೆಸರಾದುದು. ಅದು ಸನ್ಮಾನಕ್ಕೆಂದೇ ಮಾಡಿಸಿದ್ದು. ಮೈಸೂರು ಸೀಮೆಯಲ್ಲಿ ಅದಕ್ಕೂ ಕಾಲು ಶತಮಾನ ಮೊದಲು ನಡೆದ ಸನ್ಮಾನದಲ್ಲಾದರೋ ಸೋತವನ ಕತ್ತಿಯೇ ಗೆದ್ದವನಿಗೆ ಕಾಣಿಕೆಯಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಂಡನ್ನು ಮುನ್ನಡೆಸಿದ ಡೇವಿಡ್ ಬೇರ್ಡ್, 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ ಅದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಬಂದಿಯಾಗಿದ್ದವನು. ಟಿಪ್ಪುವಿನ ಶಯನಗೃಹದಲ್ಲಿ ದೊರೆತ ಖಡ್ಗವನ್ನು ಸೇನೆ ಅವನಿಗೆ ಒಪ್ಪಿಸಿತು. ಅದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಮಾರಾಟವಾಯಿತು.

ಕನ್ನಡ ನಾಡಿಗೆ ಖಡ್ಗದ ಮರ್ಯಾದೆ ಹೊಸದಲ್ಲ. ಮದ್ದೂರು ಸೀಮೆಯ ಆತಕೂರಿನ ಶಾಸನವು, ಗಂಗರ ಬೂತುಗನು ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೇರನಿಗೆ ಊರುಗಳನ್ನು ಬಾಳ್ಗಚ್ಚಾಗಿ, ಅಂದರೆ ಬಾಳು ಎಂಬ ಕತ್ತಿಯನ್ನು ತೊಳೆದು ಕೊಡುವ ಭೂದಾನವಾಗಿ, ನೀಡಿದನೆಂದು ಹೇಳುತ್ತದೆ. ಅಲ್ಲಿ ಕತ್ತಿ ದಾನದ ವಸ್ತುವಲ್ಲ, ದಾನಕ್ಕೆ ಸಾಕ್ಷಿ.

ಬಾಗಿದ ಕತ್ತಿ ಮುಖ್ಯವಾಗಿ ಸವಾರನ ಆಯುಧವಾದುದರಿಂದ, ಹೈದರ್ ಮತ್ತು ಟಿಪ್ಪುವಿನ ದಂಡಿಗೆ ಕುದುರೆ ಸಾಕುತ್ತಿದ್ದ ಕುಣಿಗಲ್ಲಿನ ಹೆಸರು ಈ ಚರಿತ್ರೆಯಲ್ಲಿ ಬರಲೇಬೇಕು. ಅದಕ್ಕಿಂತ ಹೆಚ್ಚಾಗಿ ನೆನೆಯಬೇಕಾದವರು, ಬೇರ್ಡನಿಗೆ ಸಂದ ಆ ಒಂದು ಅಲಗಿನ ಲೋಹ ಎಲ್ಲಿಯದೇ ಆಗಿರಲಿ, ತುಮಕೂರು ಸೀಮೆಯಲ್ಲಿ ಉಕ್ಕು ಕಾಯಿಸುತ್ತಿದ್ದ ಕೆಲಸಗಾರರು. 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯನ್ನು ಕಂಡಂತೆಯೇ ಕಬ್ಬಿಣದ ಕುಲುಮೆಗಳನ್ನೂ ಕಂಡು ಬರೆದಿಟ್ಟನು. ಚಿಕ್ಕನಾಯಕನಹಳ್ಳಿಯ ಕಡೆಯ ಬೆಟ್ಟಗಳಲ್ಲಿ ಅದಿರು ಸಿಗುತ್ತಿತ್ತು. ಮಧುಗಿರಿಯ ಸುತ್ತ ಮಳೆಗಾಲದ ಹಳ್ಳಗಳು ಹೊತ್ತು ತಂದ ಕಪ್ಪು ಮರಳನ್ನು ತೊಳೆದು, ಇದ್ದಿಲಿನೊಡನೆ ಕಾಯಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿರೆಲೆಗಳ ಜತೆ ಮೂಸೆಗೆ, ಅಂದರೆ ಲೋಹ ಕರಗಿಸುವ ಮಣ್ಣಿನ ಪಾತ್ರೆಗೆ ಹಾಕಿ, ಬಾಯಿಯನ್ನು ಜೇಡಿಮಣ್ಣಿನಿಂದ ಮುಚ್ಚಿ, ತಿದಿಯೊತ್ತಿ ಕಾಯಿಸಿದರೆ, ಕಡ್ಡಿ ಮತ್ತು ಎಲೆಗಳ ಇಂಗಾಲವನ್ನು ಹೀರಿದ ಕಬ್ಬಿಣ ಗಟ್ಟಿಯಾದ ಉಕ್ಕಾಗುತ್ತಿತ್ತು. ಗಾಳಿ ಹೊಗದಂತೆ ಮುಚ್ಚುವ ಈ ಜಾಣ್ಮೆಯಲ್ಲೇ ಕಸುಬಿನ ಜೀವವಿತ್ತು. ಅಲಗಿಗೆ ಒದಗಿದ ಉಕ್ಕೇ ಕಲ್ಲುಕುಟಿಗರ ಉಳಿಗೂ ಒದಗುತ್ತಿತ್ತು.

ಸನ್ಮಾನದ ಖಡ್ಗಗಳ ಮೇಲೆ ಪಡೆದವನ ಮತ್ತು ಕೊಟ್ಟವರ ಹೆಸರು ಕೊರೆಯುವುದು ವಾಡಿಕೆ. ಮೂಸೆ ಕಾಯಿಸಿದವರ ಹೆಸರು ಯಾವ ಅಲಗಿನ ಮೇಲೂ ಏರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗುಗಳಲ್ಲಿ ಬಂದಿಳಿದ ಅಗ್ಗದ ಕಬ್ಬಿಣದ ಎದುರು, ಇದ್ದಿಲಿಗಾಗಿ ಕಾಡನ್ನೇ ನಂಬಿದ್ದ ಈ ಕುಲುಮೆಗಳು ನಿಲ್ಲಲಾರದೆ ಒಂದೊಂದಾಗಿ ಆರಿದವು.