ಸ್ಲೈಡಿನ ಅಚ್ಚು, ಐಕಾನಿನ ಚೌಕ

ಪವರ್‌ಪಾಯಿಂಟಿನ ಟೆಂಪ್ಲೇಟ್ ಫೈಲನ್ನು ವಿಂಡೋಸ್‌ನ ಐಕಾನ್ ಫೈಲಾಗಿ ಬದಲಿಸುವುದು ಈಗ ಕ್ಷಣಗಳ ಕೆಲಸ. ಆದರೂ ಇವೆರಡರ ಜಾಯಮಾನ ಬೇರೆ. ಟೆಂಪ್ಲೇಟ್ ಎಂದರೆ ಶೀರ್ಷಿಕೆ ಎಲ್ಲಿ ಕೂರಬೇಕು, ಹಿನ್ನೆಲೆಗೆ ಯಾವ ಬಣ್ಣ, ಅಕ್ಷರ ಎಷ್ಟು ದೊಡ್ಡದು ಎಂಬ ಸೂಚನೆಗಳ ಕಟ್ಟು. ಅದರ ಅಳತೆ ಇಂಚಿನದು. ಐಕಾನ್ ಎಂದರೆ ಎಣಿಸಿಟ್ಟ ಚುಕ್ಕಿಗಳು, ಅಷ್ಟೇ.

ಐಕಾನ್ ಎಂಬ ಪದವನ್ನು ಕಂಪ್ಯೂಟರಿನ ಮಾತಿಗೆ ತಂದದ್ದು ಡೇವಿಡ್ ಕ್ಯಾನ್‌ಫೀಲ್ಡ್ ಸ್ಮಿತ್ 1975ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ. ಮುಂದೆ ಅವರು ಜೆರಾಕ್ಸ್ ಕಂಪನಿಯ ‘ಸ್ಟಾರ್’ ಯಂತ್ರದ ವಿನ್ಯಾಸದಲ್ಲಿ ಕೈಜೋಡಿಸಿದರು. ನಮ್ಮಲ್ಲಿ ನಕಲು ಪ್ರತಿಗೆ ಹೆಸರಾಗಿ ಉಳಿದ ಅದೇ ಜೆರಾಕ್ಸ್. 1981ರಲ್ಲಿ ಮಾರುಕಟ್ಟೆಗೆ ಬಂದ ಸ್ಟಾರ್‌ನ ಪರದೆಯ ಮೇಲೆ ಕಾಗದ, ಫೋಲ್ಡರು, ಪತ್ರಗಳ ಬುಟ್ಟಿ ಎಲ್ಲವೂ ಪುಟ್ಟ ಚಿತ್ರಗಳಾಗಿದ್ದವು. ಯಂತ್ರ ದುಬಾರಿಯಾಗಿತ್ತು, ಹೆಚ್ಚು ಮಾರಾಟವಾಗಲಿಲ್ಲ. ಚಿತ್ರಗಳು ಮಾತ್ರ ಉಳಿದುಕೊಂಡವು.

ಅವುಗಳಿಗೆ ಜನಪ್ರಿಯತೆ ತಂದದ್ದು 1984ರ ಜನವರಿಯಲ್ಲಿ ಬಂದ ಆಪಲ್‌ನ ಮ್ಯಾಕಿಂಟಾಷ್. ಅದರ ಐಕಾನುಗಳನ್ನು ರಚಿಸಿದ ಸೂಸನ್ ಕೇರ್ ಕಲೆಯ ಹಿನ್ನೆಲೆಯವರು, ಪ್ರೋಗ್ರಾಮರ್ ಅಲ್ಲ. ಅವರು ಮೊದಲು ಗ್ರಾಫ್ ಹಾಳೆಯ ಚೌಕಗಳನ್ನು ತುಂಬುತ್ತ ಚಿತ್ರ ಬಿಡಿಸುತ್ತಿದ್ದರು. ಅಡ್ಡಕ್ಕೆ 32, ಉದ್ದಕ್ಕೆ 32, ಒಟ್ಟು 1024 ಚೌಕ. ಪ್ರತಿಯೊಂದೂ ಕಪ್ಪು ಅಥವಾ ಬಿಳಿ, ನಡುವಿನ ಬಣ್ಣವಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವ ಧಾರವಾಡದ ಕಸೂತಿಯನ್ನು ಬಲ್ಲವರಿಗೆ ಈ ಕೆಲಸದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚೌಕ ತಪ್ಪಿದರೆ ನಗುಮುಖ ಅಳುಮುಖವಾಗುತ್ತದೆ.

ಟೆಂಪ್ಲೇಟಿನ ಕಥೆ ಶುರುವಾಗುವುದೂ ಇದೇ ಮ್ಯಾಕಿಂಟಾಷ್‌ನಲ್ಲೇ. ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನಿಸ್ ಆಸ್ಟಿನ್ ಮತ್ತು ಥಾಮಸ್ ರಡ್ಕಿನ್ ರೂಪಿಸಿದ ಪವರ್‌ಪಾಯಿಂಟ್ 1987ರ ಏಪ್ರಿಲ್‌ನಲ್ಲಿ ಹೊರಬಂತು. ಮೊದಲು ಅದಕ್ಕೆ ‘ಪ್ರೆಸೆಂಟರ್’ ಎಂದು ಹೆಸರಿಟ್ಟಿದ್ದರು. ಆ ಮೊದಲ ಆವೃತ್ತಿ ತಯಾರಿಸುತ್ತಿದ್ದುದು ಓವರ್‌ಹೆಡ್ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಗಳಿಗೆ ಬೇಕಾದ ಕಪ್ಪು ಬಿಳುಪು ಪುಟಗಳನ್ನು. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಫೋರ್‌ಥಾಟನ್ನು ಕೊಂಡುಕೊಂಡಿತು.

1990ರ ಮೇ ತಿಂಗಳಲ್ಲಿ ವಿಂಡೋಸ್ 3.0 ಬಿಡುಗಡೆಯಾಯಿತು. ಅದರ ಐಕಾನುಗಳಿಗೂ ಸೂಸನ್ ಕೇರ್ ಅವರದೇ ಕೈ. ವಿಂಡೋಸ್‌ಗಾಗಿ ಮಾಡಿದ ಪವರ್‌ಪಾಯಿಂಟ್ ಕೂಡ ಅದೇ ಹೊತ್ತಿಗೆ ಬಂತು. ಹೀಗೆ ಎರಡೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಕೂತವು. ನಡುವೆ ಬಾಗಿಲು ಮಾತ್ರ ಇರಲಿಲ್ಲ: ಐಕಾನಾಗಿ ಉಳಿಸುವ ಸೌಲಭ್ಯವನ್ನು ಪವರ್‌ಪಾಯಿಂಟ್ ಎಂದೂ ಕೊಡಲಿಲ್ಲ.

32 ಚುಕ್ಕಿಯ ಒಂದೇ ಚಿತ್ರವಿರುವ ಆ ಕಾಲದ ಐಸಿಒ (ಐಕಾನ್) ಫೈಲೊಂದನ್ನು ಬಿಚ್ಚಿದರೆ ಜಿಪುಣತನದ ಸೊಗಸು ಕಾಣುತ್ತದೆ. ಮೊದಲ 6 ಬೈಟುಗಳಲ್ಲಿ ಇದು ಐಕಾನ್, ಒಳಗೆ ಇಷ್ಟು ಚಿತ್ರಗಳಿವೆ ಎಂಬ ವಿವರ. ಪ್ರತಿ ಚಿತ್ರದ ವಿಳಾಸ, ಗಾತ್ರಕ್ಕೆ 16 ಬೈಟು, ಚಿತ್ರದ ತಲೆಬರಹಕ್ಕೆ 40, ಹದಿನಾರು ಬಣ್ಣಗಳ ಪಟ್ಟಿಗೆ 64, ಚುಕ್ಕಿಗಳಿಗೆ 512. ಕೊನೆಯ 128 ಬೈಟು ಯಾವ ಚುಕ್ಕಿ ಪಾರದರ್ಶಕ ಎಂದು ಹೇಳುವ ಮುಸುಕು. ಎಲ್ಲ ಕೂಡಿದರೆ 766. ಅಗಲವನ್ನು ಬರೆಯಲು ಒಂದೇ ಒಂದು ಬೈಟು ಇಟ್ಟಿದ್ದರಿಂದ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವಂತಿರಲಿಲ್ಲ. ವಿಂಡೋಸ್ ವಿಸ್ಟಾದ ಕಾಲಕ್ಕೆ 256 ಚುಕ್ಕಿಯ ಐಕಾನ್ ಬೇಕಾದಾಗ ಸೊನ್ನೆ ಎಂದರೆ 256 ಎಂದು ಓದಿಕೊಳ್ಳುವುದೇ ದಾರಿಯಾಯಿತು. ಅಷ್ಟರಲ್ಲಿ, 2001ರ ಎಕ್ಸ್‌ಪಿಯಿಂದ, ಅಂಚು ನವಿರಾಗಿ ಕರಗುವ ಅರೆಪಾರದರ್ಶಕತೆ ಬಂದಿತ್ತು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಜಾಲತಾಣಗಳಿಗೂ ಐಕಾನ್ ಇಡುವ ರೂಢಿ ತಂದ ಮೇಲಂತೂ ಐಸಿಒ ಬೇಕೆನ್ನುವವರ ಸಂಖ್ಯೆ ಬೆಳೆಯಿತು.

ಟೆಂಪ್ಲೇಟಿನ ಹಳೆಯ ಪಿಒಟಿ ಫೈಲು ಹೊರಗಿನವರಿಗೆ ಸುಲಭವಾಗಿ ಬಗ್ಗದ ಬೈನರಿ ಗಂಟು. (ಸಾಫ್ಟ್‌ವೇರನ್ನು ಕನ್ನಡಕ್ಕೆ ತರುವವರು ಬಳಸುವ ಗೆಟ್‌ಟೆಕ್ಸ್ಟ್‌ನ ಖಾಲಿ ಅನುವಾದ ಕಡತಕ್ಕೂ ಇದೇ ಬಾಲ, ಅದರಲ್ಲಿರುವುದು ಬರಿ ಪಠ್ಯ, ಸ್ಲೈಡ್ ಹುಡುಕಿದರೆ ಸಿಗದು.) 2007ರ ಆವೃತ್ತಿಯೊಂದಿಗೆ ಬಂದ ಪಿಒಟಿಎಕ್ಸ್ ವಾಸ್ತವದಲ್ಲಿ ಒಂದು ಜಿಪ್ ಪೊಟ್ಟಣ. ಬಿಚ್ಚಿದರೆ ಮಾಸ್ಟರ್ ಸ್ಲೈಡು, ಲೇಔಟು, ಥೀಮು, ಚಿತ್ರಗಳು ಬೇರೆ ಬೇರೆ ಫೋಲ್ಡರುಗಳಲ್ಲಿ ಸಿಗುತ್ತವೆ. ಅಳತೆಗೆ ಅಲ್ಲಿ ಇಂಚನ್ನು 9,14,400 ಭಾಗ ಮಾಡಲಾಗಿದೆ. ಸೆಂಟಿಮೀಟರಿಗೆ ಅದು ಸರಿಯಾಗಿ 3,60,000 ಆಗುತ್ತದೆ. ಎರಡು ಪದ್ಧತಿಗಳ ನಡುವೆ ಭಿನ್ನರಾಶಿ ಬರಬಾರದೆಂಬ ಜಾಣ ಲೆಕ್ಕ.

ಪವರ್‌ಪಾಯಿಂಟ್ ನೇರವಾಗಿ ಐಕಾನ್ ಕೊಡದ ಕಾರಣ ಪರಿವರ್ತನೆ ಎರಡು ಹೆಜ್ಜೆಯದು. ಪವರ್‌ಪಾಯಿಂಟ್ ಅಥವಾ ಲಿಬ್ರೆ ಆಫೀಸ್ ಸ್ಲೈಡನ್ನು ಪಿಎನ್‌ಜಿ ಚಿತ್ರವಾಗಿ ಇಳಿಸುತ್ತದೆ. ಜಿಂಪ್, ಅಥವಾ 1990ರಿಂದ ಬಳಕೆಯಲ್ಲಿರುವ ಇಮೇಜ್‌ಮ್ಯಾಜಿಕ್ ಆ ಚಿತ್ರವನ್ನು ಹಲವು ಗಾತ್ರಗಳಿಗೆ ಕುಗ್ಗಿಸಿ ಒಂದೇ ಐಸಿಒದಲ್ಲಿ ಕೂರಿಸುತ್ತದೆ. ಫೈಲಿನ ಹೆಸರಿನ ಬಾಲವನ್ನಷ್ಟೇ ಬದಲಿಸಿದರೆ ಒಳಗಿನದು ಇದ್ದಂತೆಯೇ ಇರುತ್ತದೆ.

ಮೊದಲ ಹೆಜ್ಜೆಯಲ್ಲೇ ಅಚ್ಚು ಅಚ್ಚಾಗಿ ಉಳಿಯುವುದಿಲ್ಲ. ಶೀರ್ಷಿಕೆ ಇಲ್ಲಿ ಬರೆಯಿರಿ ಎಂಬಂಥ ಖಾಲಿ ಚೌಕಟ್ಟುಗಳು ಚಿತ್ರದಲ್ಲಿ ಮೂಡುವುದಿಲ್ಲ. ಉಳಿಯುವುದು ಹಿನ್ನೆಲೆ, ಪಟ್ಟಿ, ಲಾಂಛನ. ಐಕಾನ್ ಚೌಕ, ಸ್ಲೈಡ್ ಆಯತ ಎಂಬುದು ಇನ್ನೊಂದು ತೊಡಕು. 10 ಇಂಚು ಅಗಲ, ಏಳೂವರೆ ಇಂಚು ಎತ್ತರದ ಹಳೆಯ ಸ್ಲೈಡು 32 ಚುಕ್ಕಿಯ ಐಕಾನಿನಲ್ಲಿ 24 ಸಾಲು ಹಿಡಿಯುತ್ತದೆ. ಮೇಲೆ ನಾಲ್ಕು, ಕೆಳಗೆ ನಾಲ್ಕು ಸಾಲು ಪಾರದರ್ಶಕವಾಗಿ ಬಿಡಬೇಕು. ಅಂಥ ಸ್ಲೈಡಿನಲ್ಲಿ 44 ಪಾಯಿಂಟಿನ ಶೀರ್ಷಿಕೆ ಬರೆದಿದ್ದರೂ ಐಕಾನಿನಲ್ಲಿ ಅದರ ಎತ್ತರ ಸುಮಾರು ಎರಡು ಚುಕ್ಕಿ. ಇಂಗ್ಲಿಷ್ ಅಕ್ಷರವೇ ಅಷ್ಟರಲ್ಲಿ ನಿಲ್ಲದು. ಮೇಲೆ ತಲೆಕಟ್ಟು, ಕೆಳಗೆ ಒತ್ತು ಇರುವ ಕನ್ನಡದ ‘ಕ್ಷ್ಮೀ’ಯ ಪಾಡನ್ನು ಊಹಿಸಿಕೊಳ್ಳಬಹುದು. ಅಗಲ ಸ್ಲೈಡಿನದು ಇನ್ನೂ ಬಿಗಿ: 16 ಚುಕ್ಕಿಯ ಐಕಾನಿನಲ್ಲಿ ಅದಕ್ಕೆ ದಕ್ಕುವುದು ಒಂಬತ್ತೇ ಸಾಲು.

ಈ ಕೆಲಸ ಬಲ್ಲವರು ಅದಕ್ಕೇ 256ರ ಗಾತ್ರವನ್ನು ಮಾತ್ರ ಯಂತ್ರಕ್ಕೆ ಬಿಡುತ್ತಾರೆ. ಚಿಕ್ಕ ಗಾತ್ರಗಳಿಗೆ ಟೆಂಪ್ಲೇಟಿನ ಲಾಂಛನವನ್ನೋ ಮುಖ್ಯ ಬಣ್ಣದ ಪಟ್ಟಿಯನ್ನೋ ಕತ್ತರಿಸಿಕೊಂಡು, ಪರದೆಯನ್ನು ಹಿಗ್ಗಿಸಿ, ಚೌಕ ಚೌಕವಾಗಿ ಕೈಯಿಂದಲೇ ತುಂಬುತ್ತಾರೆ.