ರಾಮನಗರದ ಮಣಿಸರ

ಮೆಜೆಸ್ಟಿಕ್‌ನಿಂದ ರೈಲು ಹತ್ತಿ ರಾಮನಗರದಲ್ಲಿ ಇಳಿದಾಗಲೆಲ್ಲ ನನಗೆ ರೇಷ್ಮೆಗೂಡಿಗಿಂತ ಮೊದಲು ಬಣ್ಣದ ಮಣಿಗಳು ನೆನಪಾಗುತ್ತವೆ.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶಿಸಿತ್ತು. ಸ್ವಾತಂತ್ರ್ಯದ ನಂತರ, 1952ರ ಸುಮಾರಿಗೆ, ವಿಶ್ವ ಆರೋಗ್ಯ ಸಂಸ್ಥೆ ಕಳಿಸಿದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಸಲಹೆಯಂತೆ ರಾಮನಗರದಲ್ಲಿ ‘ಸುರಕ್ಷಿತ ದಿನ’ಗಳ ಪ್ರಯೋಗ ನಡೆಯಿತು. ಹೆಂಗಸರಿಗೆ ಮಣಿಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ಗಂಡಹೆಂಡಿರು ದೂರವಿರಬೇಕು. ಪ್ರಯೋಗ ಫಲಿಸಲಿಲ್ಲ. ಹೆಂಗಸರಿಗೆ ಲೆಕ್ಕ ತಿಳಿಯಲಿಲ್ಲವೆಂಬ ನಗೆಮಾತು ಮಾತ್ರ ಉಳಿಯಿತು.

ಮಣಿ ಅವಳ ಕೈಲಿತ್ತು, ಸರಿ. ದೂರವಿರುವ ತೀರ್ಮಾನವೂ ಅವಳ ಕೈಲಿತ್ತೇ? 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಹೆಚ್ಚುಕಡಿಮೆ ಸೊನ್ನೆ. ಲೆಕ್ಕ ಇಡುವ ಹೊಣೆ ಇನ್ನೂ ಅವಳದೇ.