ಆಸ್ಪತ್ರೆಯ ಶಾಖದ ಬೀರು: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

ಆಸ್ಪತ್ರೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳ ಶಂಕುಸ್ಥಾಪನೆ, ದಾನಿಗಳ ಹೆಸರು, ವೈದ್ಯಾಧಿಕಾರಿಗಳ ಪರಂಪರೆ ಇವುಗಳನ್ನೇ ಮುಖ್ಯವಾಗಿಟ್ಟುಕೊಳ್ಳುತ್ತಾರೆ. ರೋಗಿಯ ಹಾಸಿಗೆಯ ಬಳಿಯಿರುವ ಸಣ್ಣ ಉಪಕರಣಗಳಿಗೆ ಅವರ ಪುಟಗಳಲ್ಲಿ ಎಡೆ ದೊರೆಯುವುದು ವಿರಳ. ಕಂಬಳಿಗಳನ್ನೂ ಲವಣದ್ರಾವಣದ ಚೀಲಗಳನ್ನೂ ಬೆಚ್ಚಗಿಡುವ, ವಾರ್ಮಿಂಗ್ ಕ್ಯಾಬಿನೆಟ್ ಎಂದು ಕರೆಯಲ್ಪಡುವ ಶಾಖದ ಬೀರು ಅಂಥ ಉಪೇಕ್ಷಿತ ವಸ್ತುಗಳಲ್ಲೊಂದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳನ್ನು ಕಣ್ಣಮುಂದಿಟ್ಟುಕೊಂಡು ಈ ಉಪಕರಣದ ಪೂರ್ವೋತ್ತರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಪ್ರತಿಪಾದಿಸಲಿರುವುದು ಇಷ್ಟೆ: ಶಾಖವನ್ನು ಉಂಟುಮಾಡುವುದು ಎಂದೂ ಕಷ್ಟವಾಗಿರಲಿಲ್ಲ, ಅದನ್ನು ಅಳೆದು ಒಂದು ಮಿತಿಯಲ್ಲಿ ನಿಲ್ಲಿಸುವುದೇ ಕಷ್ಟವಾಗಿದ್ದಿತು. ಅಪಾಯವು ಇಂದಿಗೂ ಅಲ್ಲಿಯೇ ಇದೆ.

ಈ ನಾಲ್ಕು ತಾಲ್ಲೂಕುಗಳು ಸಮುದ್ರಮಟ್ಟದಿಂದ ಸುಮಾರು 700ರಿಂದ 850 ಮೀಟರ್ ಎತ್ತರದಲ್ಲಿವೆ. ಮಾರ್ಗಶಿರ ಪುಷ್ಯಮಾಸಗಳ ರಾತ್ರಿಗಳಲ್ಲಿ ಇಲ್ಲಿ ಚಳಿ ಸಾಕಷ್ಟು ಇರುತ್ತದೆ. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಿಟ್ಟು ಕೆಂಡವನ್ನು ಕಾಯ್ದುಕೊಳ್ಳುವುದು, ಹಂಡೆಯ ಬಿಸಿನೀರನ್ನೆರೆದು ಕೂಸನ್ನು ಹಳೆಯ ಸೀರೆಯಲ್ಲೂ ಕಂಬಳಿಯಲ್ಲೂ ಸುತ್ತುವುದು ನಮ್ಮ ಮನೆಗಳ ರೂಢಿ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರೂ ಇದ್ದಾರೆ, ಅದು ಸರಿಯಲ್ಲ. ಹೊಗೆಯ ಕೆಡುಕು ನಿಜವಾದುದು, ಬಟ್ಟೆಗೆ ಕಿಡಿ ತಗಲುವ ಭಯವೂ ನಿಜವಾದುದು. ಆದರೆ ಹುಟ್ಟಿದ ಕೂಸು ಶೀತದಿಂದ ಸಾಯಬಹುದೆಂಬ ತಿಳಿವಳಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಇನ್ನು ಕಂಬಳಿಯ ವಿಷಯದಲ್ಲಿ ಹುಣಸೂರಿಗೆ ತನ್ನದೇ ಚರಿತ್ರೆಯುಂಟು. ಅಮೃತಮಹಲ್ ಗೋತಳಿಯ ಕೇಂದ್ರವಾಗಿದ್ದ ಈ ಪಟ್ಟಣದಲ್ಲಿ 19ನೆಯ ಶತಮಾನದಲ್ಲಿ ಸೈನ್ಯದ ಸರಬರಾಯಿಗಾಗಿ ಚರ್ಮ ಹದಮಾಡುವ ಮತ್ತು ಕಂಬಳಿ ತಯಾರಿಸುವ ಕಾರ್ಖಾನೆಗಳಿದ್ದವು.

ಕನ್ನಡದಲ್ಲಿ 'ಕಾವು' ಎಂಬ ಪದವು ಎರಡು ಅರ್ಥಗಳನ್ನು ಹೊತ್ತಿದೆ. ನೋವಿರುವ ಅಂಗಕ್ಕೆ ಕೊಡುವುದೂ ಕಾವು, ಕೋಳಿಯು ಮೊಟ್ಟೆಗೆ ಕೊಡುವುದೂ ಕಾವು. ಪ್ಯಾರಿಸ್ ನಗರದಲ್ಲಿ 1880ರ ಸುಮಾರಿನಲ್ಲಿ ನಡೆದುದನ್ನು ಈ ಒಂದು ಪದವೇ ವಿವರಿಸಬಲ್ಲುದು. ಪ್ರಸೂತಿ ವೈದ್ಯ ಸ್ತೆಫಾನ್ ತಾರ್ನಿಯೆ ಅಲ್ಲಿಯ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮರಿಗಳನ್ನು ಹೊರಡಿಸುವ ಕಾವುಪೆಟ್ಟಿಗೆಯನ್ನು ಕಂಡು, ದಿನ ತುಂಬದೆ ಹುಟ್ಟಿದ ಶಿಶುಗಳಿಗಾಗಿ ಅದೇ ಮಾದರಿಯ ಪೆಟ್ಟಿಗೆಯನ್ನು ಮಾಡಿಸಿದರು. ಅದರ ಕೆಳಭಾಗದಲ್ಲಿ ಬಿಸಿನೀರು, ಮೇಲ್ಭಾಗದಲ್ಲಿ ಶಿಶು, ನಡುವೆ ಗಾಳಿಯ ಸಂಚಾರ. 2000 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳ ಮರಣವು ಶೇಕಡಾ 66ರಿಂದ 38ಕ್ಕೆ ಇಳಿಯಿತೆಂದು ಅವರ ಸಹಾಯಕ ಒವಾರ್ 1883ರಲ್ಲಿ ವರದಿ ಮಾಡಿದರು. ಹಿಂದಿನ ಶಿಶುಗಳೊಡನೆ ಮುಂದಿನವನ್ನು ಹೋಲಿಸಿ ಪಡೆದ ಈ ಅಂಕಿಗಳನ್ನು ಇಂದಿನ ಸಂಶೋಧಕರು ಯಥಾವತ್ತಾಗಿ ಒಪ್ಪಲಾರರು. ಆದರೂ ಅಳತೆ ಮತ್ತು ದಾಖಲೆಗಳು ಶಾಖದ ಜೊತೆಗೆ ಬಂದುವೆಂಬುದು ಗಮನಾರ್ಹ. ಎಷ್ಟು ಶಾಖ ಬೇಕೆಂಬ ಪ್ರಶ್ನೆಗೆ ತಕ್ಕ ಪರೀಕ್ಷೆ ನಡೆದುದಾದರೋ ಬಹಳ ತಡವಾಗಿ. 1958ರಲ್ಲಿ ಅಮೆರಿಕದ ಸಿಲ್ವರ್‌ಮನ್ ಮತ್ತು ಸಂಗಡಿಗರು ಪೆಟ್ಟಿಗೆಯ ಉಷ್ಣತೆಯಲ್ಲಿ ಕೇವಲ 4 ಡಿಗ್ರಿ ಫ್ಯಾರನ್‌ಹೀಟಿನ ವ್ಯತ್ಯಾಸವಿದ್ದರೂ ಶಿಶುಗಳ ಉಳಿವಿನಲ್ಲಿ ಸ್ಪಷ್ಟವಾದ ಅಂತರವುಂಟಾಗುವುದನ್ನು ತೋರಿಸಿಕೊಟ್ಟರು.

ಮೈಸೂರು ಸಂಸ್ಥಾನಕ್ಕೆ ವಿದ್ಯುಚ್ಛಕ್ತಿ ಬಂದುದು ಆಸ್ಪತ್ರೆಗಳಿಗಾಗಿ ಅಲ್ಲ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿಗೆ 1905ರಲ್ಲಿಯೂ ಮೈಸೂರು ನಗರಕ್ಕೆ 1908ರಲ್ಲಿಯೂ ದೀಪಗಳು ಬಂದುವು. ಕಾವೇರಿಯ ಕೊಳ್ಳದಲ್ಲಿಯೇ ಇದ್ದರೂ ನಮ್ಮ ಪಶ್ಚಿಮ ತಾಲ್ಲೂಕುಗಳ ಹಳ್ಳಿಗಳು ಇನ್ನೂ ಬಹುಕಾಲ ಕಾಯಬೇಕಾಯಿತು. ಅಲ್ಲಿಯವರೆಗೆ ರೋಗಿಯನ್ನು ಬೆಚ್ಚಗಿಡಲು ಒಲೆಯೂ ಬಿಸಿನೀರಿನ ಶೀಸೆಯೂ ರಬ್ಬರು ಚೀಲವೂ ಮಾತ್ರ ಗತಿ.

ಈ ಬಿಸಿನೀರಿನ ಶೀಸೆಯಲ್ಲಿಯೇ ನಮ್ಮ ವಿಷಯದ ತಿರುಳಿದೆ. ಎಚ್ಚರವಿರುವ ಮನುಷ್ಯನು ಸುಟ್ಟರೆ ಕಾಲನ್ನೆಳೆದುಕೊಳ್ಳುತ್ತಾನೆ. ಅರಿವಳಿಕೆಯಲ್ಲಿರುವವನು ಎಳೆದುಕೊಳ್ಳಲಾರ. ಬೆನ್ನಿಗೆ ಚುಚ್ಚುಮದ್ದು ಪಡೆದು ಶಸ್ತ್ರಚಿಕಿತ್ಸೆಯಿಂದ ಹೆರುವ ತಾಯಿಗೆ ಮಾತು ಬರುತ್ತದೆ, ಕಾಲಿನ ಉರಿ ತಿಳಿಯುವುದಿಲ್ಲ. 1947ರಲ್ಲಿ ಮೊರಿಟ್ಸ್ ಮತ್ತು ಹೆನ್ರಿಕ್ವೆಸ್ ನಡೆಸಿದ ಪ್ರಯೋಗಗಳ ಪ್ರಕಾರ, 44 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೇ ಸುಮಾರು 6 ಗಂಟೆಗಳಲ್ಲಿ ಚರ್ಮವನ್ನು ಸುಡಬಲ್ಲುದು. 60 ಡಿಗ್ರಿಗೆ ಕೆಲವೇ ಸೆಕೆಂಡುಗಳು ಸಾಕು. ಅಮೆರಿಕದ ಅರಿವಳಿಕೆ ತಜ್ಞರು 1994ರಲ್ಲಿ ಪರಿಹಾರದ ಮೊಕದ್ದಮೆಗಳನ್ನು ಪರಿಶೀಲಿಸಿದಾಗ, ಬೆಚ್ಚಗಿಡುವ ಸಾಧನಗಳಿಂದಾದ 28 ಸುಟ್ಟಗಾಯಗಳಲ್ಲಿ 18 ಗಾಯಗಳಿಗೆ ಕಾಯಿಸಿದ ದ್ರವದ ಚೀಲ ಅಥವಾ ಶೀಸೆಗಳನ್ನು ರೋಗಿಯ ಮೈಗೆ ಒತ್ತಿಟ್ಟುದೇ ಕಾರಣವೆಂದು ಕಂಡುಬಂದಿತು. ಹಾಗೆಂದು ರೋಗಿಯನ್ನು ತಣ್ಣಗೆ ಬಿಡುವಂತೆಯೂ ಇಲ್ಲ. 1996ರಲ್ಲಿ ಪ್ರಕಟವಾದ 200 ರೋಗಿಗಳ ಒಂದು ಅಧ್ಯಯನದಲ್ಲಿ, ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮೈಶಾಖವನ್ನು ಕಾಪಾಡಿದವರಲ್ಲಿ ಗಾಯಕ್ಕೆ ನಂಜೇರಿದುದು ಶೇಕಡಾ 6, ಕಾಪಾಡದವರಲ್ಲಿ ಶೇಕಡಾ 19.

ಶಾಖದ ಬೀರು ಈ ಎರಡು ಅಪಾಯಗಳ ನಡುವಣ ಸಾಧನ. ಕಂಬಳಿಯ ಖಾನೆಗೆ 54 ಡಿಗ್ರಿ ಸೆಲ್ಸಿಯಸ್, ದ್ರಾವಣದ ಖಾನೆಗೆ 43 ಡಿಗ್ರಿ ಮೀರಬಾರದೆಂಬ ಮಿತಿಗಳನ್ನು ಅಮೆರಿಕದ ಇಕ್ರಿ ಸಂಸ್ಥೆಯು ಸೂಚಿಸಿದೆ. ಎರಡಕ್ಕೂ ಒಂದೇ ಮಿತಿ ಏಕಿಲ್ಲವೆಂದು ವಿದ್ಯಾರ್ಥಿಗಳು ಕೇಳಬಹುದು. ಒಣಗಿದ ಕಂಬಳಿಯಲ್ಲಿ ಶಾಖ ಹೆಚ್ಚು ಹಿಡಿಯುವುದಿಲ್ಲ, ಹೊರಗೆ ತೆಗೆದ ಕ್ಷಣದಿಂದ ಆರತೊಡಗುತ್ತದೆ. ನೀರು ಶಾಖವನ್ನು ಬಹುಹೊತ್ತು ಬಚ್ಚಿಟ್ಟುಕೊಳ್ಳುತ್ತದೆ. ಆದಕಾರಣ ಒಂದೇ ಖಾನೆಯಲ್ಲಿ ಎರಡನ್ನೂ ತುಂಬುವುದು ತಪ್ಪು. ದ್ರಾವಣದ ಚೀಲವನ್ನು ಮೈಗೆ ಕಾವು ಕೊಡಲು ಬಳಸುವುದು ಅದಕ್ಕಿಂತ ದೊಡ್ಡ ತಪ್ಪು.

ಇಂಥ ಉಪಕರಣವು ನಮ್ಮ ತಾಲ್ಲೂಕುಗಳಿಗೆ ಅಪರಿಚಿತವೆಂದು ಭಾವಿಸಬೇಕಾಗಿಲ್ಲ. ವರ್ಜೀನಿಯಾ ಹೊಗೆಸೊಪ್ಪನ್ನು ಬೆಳೆಯುವ ಹುಣಸೂರು ಪಿರಿಯಾಪಟ್ಟಣಗಳ ರೈತನು ಪ್ರತಿವರ್ಷವೂ ಮುಚ್ಚಿದ ಕೋಣೆಯೊಂದರ ಶಾಖವನ್ನು ಆಳುತ್ತಾನೆ. ಎಲೆಗಳನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿನಲ್ಲಿ ತೂಗುಹಾಕಿ, ಹೊರಗಿನ ಒಲೆಯಿಂದ ಕೊಳವೆಗಳ ಮೂಲಕ ಬಿಸಿಯನ್ನು ಹರಿಸಿ, ಎಲೆ ಹಳದಿಗೊಳ್ಳುವಾಗ ಸುಮಾರು 35 ಡಿಗ್ರಿಯಿಂದ ಆರಂಭಿಸಿ, ದಂಟು ಒಣಗುವಾಗ ಸುಮಾರು 70 ಡಿಗ್ರಿಯವರೆಗೆ ಐದಾರು ದಿನಗಳಲ್ಲಿ ಹಂತಹಂತವಾಗಿ ಏರಿಸುತ್ತಾನೆ. ರಾತ್ರಿಯೆಲ್ಲ ಎದ್ದು ಉಷ್ಣಮಾಪಕವನ್ನು ನೋಡುವುದು, ಗಾಳಿಕಿಂಡಿಯನ್ನು ತೆರೆದು ಮುಚ್ಚುವುದು ಅವನ ಕಸುಬಿನ ಭಾಗ. ಅವಸರದಲ್ಲಿ ಬಿಸಿ ಏರಿಸಿದರೆ ಎಲೆ ಕಪ್ಪಾಗುತ್ತದೆ, ಬೆಲೆ ಬೀಳುತ್ತದೆ. ಎಲೆ ಉದುರಿ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಉರಿದುಹೋಗುವುದುಂಟು. ಬೀರುವಿನಲ್ಲಿ ಕಂಬಳಿಗಳನ್ನು ತುರುಕಿ ಗಾಳಿಯ ದಾರಿಯನ್ನು ಮುಚ್ಚಬಾರದೆಂಬ ನಿಯಮವನ್ನು ಈ ಸೀಮೆಯವರಿಗೆ ಹೊಸದಾಗಿ ಬೋಧಿಸಬೇಕಾದುದಿಲ್ಲ.

ಬೋಧಿಸಬೇಕಾದುದು ವಿದ್ಯುತ್ತಿನ ಶಿಸ್ತನ್ನು. 2000 ವಾಟಿನ ಬೀರು 230 ವೋಲ್ಟಿನಲ್ಲಿ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತದೆ. ದೀಪ ಪಂಖಗಳಿಗೆಂದು ಹಾಕಿದ 5 ಆಂಪಿಯರಿನ ಸಾಕೆಟ್ಟು ಅದನ್ನು ತಾಳಲಾರದು. ಆದುದರಿಂದ ಅದಕ್ಕೆ ಪ್ರತ್ಯೇಕವಾದ 15 ಆಂಪಿಯರಿನ ಸಾಕೆಟ್ಟು, ಪರೀಕ್ಷಿಸಿದ ಅರ್ತಿಂಗ್ ತಂತಿ, ಅಲುಗದ ಸಮನೆಲ, ಗೋಡೆಯಿಂದ ತಯಾರಕರು ಹೇಳಿದಷ್ಟು ಅಂತರ ಇವು ಬೇಕು. ಎಕ್ಸ್‌ಟೆನ್ಷನ್ ಹಲಗೆ ಸಲ್ಲದು. ವಿದ್ಯುತ್ತು ಹೋಗಿ ಬಂದಾಗ ಬೀರು ತಾನಾಗಿ ಹಳೆಯ ಉಷ್ಣತೆಗೇ ಮರಳುತ್ತದೆಯೇ, ಎಚ್ಚರಿಕೆಯ ಗಂಟೆ ಬಾರಿಸುತ್ತದೆಯೇ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಬೇಕು. ಮಿತಿಮೀರಿದಾಗ ಶಾಖವನ್ನು ಕಡಿದುಹಾಕುವ ಕೀಲಿಯನ್ನು ಆಗಾಗ ಪರೀಕ್ಷಿಸಿ, ಬಾಗಿಲಿನ ಮೇಲಣ ಅಂಕಿಯನ್ನು ಒಳಗಿಟ್ಟ ಬೇರೊಂದು ಉಷ್ಣಮಾಪಕದೊಡನೆ ತಾಳೆನೋಡಬೇಕು. ದ್ರಾವಣದ ಪ್ರತಿ ಚೀಲದ ಮೇಲೂ ಒಳಗಿಟ್ಟ ದಿನಾಂಕವಿರಬೇಕು; ತಯಾರಕರ ಅವಧಿ ಕಳೆದುದನ್ನು ತೆಗೆಯಬೇಕು. ರಕ್ತದ ಚೀಲವನ್ನಂತೂ ಇದರಲ್ಲಿ ಇಡಲೇ ಕೂಡದು. ತೊಳೆಯುವ ಮುನ್ನ ಪ್ಲಗ್ ಕಿತ್ತು ಆರಲು ಬಿಡುವುದು, ಬಾಗಿಲಿನ ರಬ್ಬರು ಅಂಚು ಹರಿದಿದ್ದರೆ ಬದಲಿಸುವುದು, ಇವು ಸಣ್ಣ ಕೆಲಸಗಳಾದರೂ ತಾಲ್ಲೂಕು ಮಟ್ಟದಲ್ಲಿ ಮೊದಲು ಬಿಟ್ಟುಹೋಗುವವು ಇವೇ. ಯಂತ್ರವನ್ನು ಕೊಳ್ಳಲು ಹಣ ಒಮ್ಮೆ ಮಂಜೂರಾದರೆ ಸಾಕು. ದುರಸ್ತಿಗೆ ವರ್ಷವರ್ಷವೂ ಬೇಕು.

ಬೀರು ಎಲ್ಲೆಡೆ ತಲುಪಲಾರದೆಂಬುದಕ್ಕೆ ಹೆಗ್ಗಡದೇವನಕೋಟೆಯ ಸೀಮೆಯೇ ಸಾಕ್ಷಿ. ಕಾಡಂಚಿನ ಹಾಡಿಗಳಿಂದ ಆಸ್ಪತ್ರೆಯವರೆಗಿನ ದಾರಿ ದೂರದ್ದು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ತರುಣರು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮುಂದೆ ಕೆಂಚನಹಳ್ಳಿಯಲ್ಲಿಯೂ ಸರಗೂರಿನಲ್ಲಿಯೂ ಆಸ್ಪತ್ರೆಗಳನ್ನು ಕಟ್ಟಿದುದೂ, 2008ರಿಂದ 108ರ ವಾಹನಗಳು ಓಡತೊಡಗಿದುದೂ ಈ ದೂರವನ್ನು ಕಡಿಮೆ ಮಾಡಿದುವು. ಆದರೂ ವಾಹನದೊಳಗಿನ ಒಂದು ಗಂಟೆಯಲ್ಲಿ ಕೂಸು ತಣ್ಣಗಾಗಬಲ್ಲುದು. 1978ರ ಸುಮಾರಿನಲ್ಲಿ ಕೊಲಂಬಿಯದ ಬೊಗೊಟಾದಲ್ಲಿ, ಪೆಟ್ಟಿಗೆಗಳ ಕೊರತೆಯಿಂದಲೇ ಎಡ್ಗರ್ ರೇ ಮತ್ತು ಎಕ್ತೊರ್ ಮಾರ್ತಿನೆಸ್ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಕಟ್ಟುವ ಪದ್ಧತಿಯನ್ನು ರೂಢಿಸಿದರು. ತಾಯಿಯ ಮೈ ತಾನೇ ಮಿತಿಯನ್ನು ಕಾಯುತ್ತದೆ. ಹೆರಿಗೆಯ ಕೋಣೆಯು ಕನಿಷ್ಠ 25 ಡಿಗ್ರಿಯಷ್ಟಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1997ರಲ್ಲಿ ಹೇಳಿರುವುದನ್ನು ಇದರೊಡನೆ ಸೇರಿಸಿ ಓದಬೇಕು.

ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ತಾಲ್ಲೂಕು ಆಸ್ಪತ್ರೆಗಳ ದಾಸ್ತಾನು ಪುಸ್ತಕಗಳು, ದುರಸ್ತಿಯ ಚೀಟಿಗಳು, ದಿನನಿತ್ಯದ ಉಷ್ಣತೆಯ ಪಟ್ಟಿಗಳು ಅವಧಿ ಮುಗಿದ ಕಾಗದಗಳೆಂದು ರದ್ದಿಗೆ ಹೋಗಬಹುದಾದವು. ಕಂಬಳಿ ಎಷ್ಟು, ಶೀಸೆ ಎಷ್ಟು, ಯಾವ ವರ್ಷ ಯಾವ ಯಂತ್ರ ಬಂದಿತು, ಎಷ್ಟು ತಿಂಗಳು ಕೆಟ್ಟು ನಿಂತಿತ್ತು ಎಂಬುದು ಆ ಹಾಳೆಗಳಲ್ಲಿ ಸಿಗುವಂತೆ ವಾರ್ಷಿಕ ವರದಿಗಳಲ್ಲಿ ಸಿಗುವುದಿಲ್ಲ. ಸಂಬಂಧಪಟ್ಟ ಅಧಿಕಾರಿಗಳ ಅನುಮತಿ ಪಡೆದು, ರೋಗಿಗಳ ಹೆಸರುಗಳನ್ನು ಬಿಟ್ಟು, ಅವುಗಳನ್ನು ಪ್ರತಿಮಾಡಿಕೊಳ್ಳುವ ಕೆಲಸವನ್ನು ಈ ನಾಲ್ಕು ತಾಲ್ಲೂಕು ಕೇಂದ್ರಗಳಿಂದಲೇ ಆರಂಭಿಸಬಹುದು.